ಅಗ್ಗದ ಗ್ರಿಪ್ಪೂ ಅಮ್ಮನ ಹೆಲ್ಮೆಟ್ಟೂ

“ಅಮ್ಮ, ಅಪ್ಪ ಕ್ಯಾಮೆರಾಗೆ ಯಾಕೆ ಹೆದರ್ತಾರೆ?”

ಪಿಟೀಲು ಹೀಗೆ ಕೇಳಿದ್ದು ಭಾನುವಾರ ಬೆಳಗ್ಗೆ, ಬ್ರಷ್ಷು ಬಾಯಲ್ಲಿರುವಾಗಲೇ. (ಐದು ವರ್ಷದ ಈ ಮಗಳಿಗೆ ಒಳ್ಳೆಯ ಹೆಸರು ಬೇರೆ ಇದೆ. ಅಳು ಶುರುವಾದರೆ ಒಂದೇ ತಂತಿಯ ಮೇಲೆ ಬೇಕಾದಷ್ಟು ಹೊತ್ತು ಎಳೆಯುತ್ತಾಳೆಂದು ಮನೆಯಲ್ಲಿ ಇದು ಚಾಲ್ತಿಗೆ ಬಂದಿದೆ.) ಅಮ್ಮ ಹಜಾರಕ್ಕೆ ಇಣುಕಿದಳು. ಮಗು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮದುವೆಗೂ ಮುಂಚಿನಿಂದ ಫೋಟೋ ತೆಗೆದೇ ಅನ್ನ ಸಂಪಾದಿಸುತ್ತಿರುವ ಮನುಷ್ಯ, ಮೇಜಿನ ಮೇಲಿದ್ದ ತನ್ನದೇ ಕ್ಯಾಮೆರಾದಿಂದ ಮಾರು ದೂರ ನಿಂತು, ಕತ್ತನ್ನಷ್ಟೇ ಮುಂದೆ ಚಾಚಿ, ಮೂಗರಳಿಸಿ ವಾಸನೆ ನೋಡುತ್ತಿದ್ದ.

“ಸುಟ್ಟ ವಾಸನೆ ಬರ್ತಿದ್ಯಾ?” ಎಂದ.

“ಬರ್ತಿದೆ. ಒಲೆ ಮೇಲೆ ಹಾಲಿಟ್ಟು ನಿಮ್ಮನ್ನ ನೋಡ್ತಾ ನಿಂತಿದ್ದೀನಲ್ಲ, ಅದು,” ಎಂದು ಅವಳು ಅಡುಗೆಮನೆಗೆ ಓಡಿದಳು.

ಹೀಗೆ ಜರ್ಬಿನಿಂದ ಉತ್ತರ ಕೊಟ್ಟವಳು ಒಲೆ ಆರಿಸಿ, ತಾನೂ ಒಮ್ಮೆ ಹಜಾರದ ಕಡೆಗೆ ಮೂಗರಳಿಸಿದಳು. ಏಕೆಂದರೆ ಆ ಕ್ಯಾಮೆರಾದ ತಳಕ್ಕೆ ಅಂಟಿಕೊಂಡಿದ್ದ ಹೊಸ ಬ್ಯಾಟರಿ ಗ್ರಿಪ್ಪನ್ನು ಆರಿಸಿದವಳು ಅವಳು. ಹಟ ಹಿಡಿದು ಕೊಡಿಸಿದವಳೂ ಅವಳೇ.

ಕಥೆ ಶುರುವಾದದ್ದು ಕಳೆದ ವರ್ಷ. ಊರಿನ ದೊಡ್ಡ ಶಾಲೆಯ ವಾರ್ಷಿಕ ಫೋಟೋ ಕೆಲಸ ಅವನದು. ಮನೆಯ ಅರ್ಧ ಅನ್ನ ಅದರಿಂದಲೇ. ಮೂರನೇ ತರಗತಿಯ ಮಕ್ಕಳು ಬೆಂಚು ಹತ್ತಿ ಉಸಿರು ಬಿಗಿಹಿಡಿದು ನಿಂತಿರುವಾಗ ಕ್ಯಾಮೆರಾದ ಬ್ಯಾಟರಿ ಕಣ್ಣು ಮುಚ್ಚಿತು. ಇನ್ನೊಂದು ಬ್ಯಾಟರಿ ಇತ್ತು, ಮನೆಯಲ್ಲಿ, ಚಾರ್ಜಿಗಿಟ್ಟಲ್ಲೇ. ಮುಖ್ಯೋಪಾಧ್ಯಾಯಿನಿ ಎರಡು ತಕರಾರು ಹೇಳಿದರು. ಒಂದು, ಕೆಲಸ ಅರ್ಧಕ್ಕೆ ನಿಂತದ್ದು. ಇನ್ನೊಂದು, ತೆಗೆದಷ್ಟು ಫೋಟೋಗಳಲ್ಲೂ ಒಂದು ಮಗುವೂ ನಗದೆ ಇಡೀ ಶಾಲೆ ಚುಚ್ಚುಮದ್ದಿಗೆ ಸಾಲುಗಟ್ಟಿದಂತಿದ್ದದ್ದು. ಈ ಸಲವೂ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೊನ್ನೆ ಫೋನಿನಲ್ಲಿ ಮೆಲ್ಲಗೆ ಹೇಳಿದ್ದರು. (ಮೆಲ್ಲಗೆ ಹೇಳಿದ್ದೇ ಹೆಚ್ಚು ಭಯ ಹುಟ್ಟಿಸಿತ್ತು.) ಫೋಟೋ ದಿನ ಸೋಮವಾರ.

ಆಗ ಅವಳಿಗೆ ಹೊಳೆದದ್ದು ಗ್ರಿಪ್. ಕ್ಯಾಮೆರಾದ ಕೆಳಗೆ ತಿರುಪಿ ಕೂರಿಸುವ ಈ ಡಬ್ಬಿಯೊಳಗೆ ಎರಡು ಬ್ಯಾಟರಿ ಒಟ್ಟಿಗೇ ಇರುತ್ತವೆ. ಮರೆವಿನ ಗಂಡನಿಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ ಒತ್ತಲು ಅದರ ಪಕ್ಕೆಯಲ್ಲಿ ಫೋಟೋ ತೆಗೆಯುವ ಇನ್ನೊಂದು ಗುಂಡಿಯೂ ಇರುತ್ತದೆ. ಕ್ಯಾಮೆರಾ ಕಂಪನಿಯವರೇ ಮಾಡಿದ ಗ್ರಿಪ್ಪಿನ ಬೆಲೆ ನೋಡಿ ಗಂಡಹೆಂಡತಿ ಇಬ್ಬರೂ ಫೋನನ್ನು ಮಗುಚಿಟ್ಟರು. ಉಳಿದದ್ದು ಬೇರೆ ಕಂಪನಿಗಳ ಅಗ್ಗದ ಮಾಲು.

ಅಗ್ಗದ್ದನ್ನು ಆರಿಸುವುದರಲ್ಲಿ ಅವಳಿಗೆ ಅವಳದೇ ಶಾಸ್ತ್ರವಿತ್ತು. ಹೊಗಳಿದವರನ್ನು ಬಿಟ್ಟು ಬೈದವರ ಅಭಿಪ್ರಾಯಗಳನ್ನು ಮೊದಲು ಓದಿದಳು. ಆಮೇಲೆ ಕ್ಯಾಮೆರಾವನ್ನೇ ಅಂಗಡಿಗೆ ಹೊತ್ತೊಯ್ದು ಒಂದೊಂದೇ ಗ್ರಿಪ್ ಹಾಕಿಸಿದಳು. ಮೊದಲನೆಯದರ ಸಂದಿಯಲ್ಲಿ ಬಸ್ಸಿನ ಟಿಕೆಟ್ಟು ಸಲೀಸಾಗಿ ತೂರಿತು. ಎರಡನೆಯದು ಹಿಡಿದೊಡನೆ ಹಾಲುಹಲ್ಲಿನಂತೆ ಅಲ್ಲಾಡಿತು. ಮೂರನೆಯದು ಗಟ್ಟಿಯಾಗಿ ಕೂತಿತು, ಬೆಲೆಯೂ ಕೈಗೆಟುಕಿತು. ಬ್ಯಾಟರಿ ಮಾತ್ರ ಅಸಲಿಯೇ ಇರಬೇಕೆಂದು ಅವಳು ಪಟ್ಟು ಹಿಡಿದಳು. ಅಂಗಡಿಯವರು ಪಕ್ಕದ ಗುಂಡಿಗೆ ಒಂದು ಬೀಗದ ಕಡ್ಡಿಯಿದೆ, ಬೇಡದಾಗ ತಿರುಗಿಸಿಡಬೇಕು ಎಂದೆಲ್ಲ ವಿವರಿಸುತ್ತಿದ್ದಾಗ ಅವಳು ಟಿಕೆಟ್ಟನ್ನು ಮತ್ತೊಮ್ಮೆ ತೂರಿಸಲು ನೋಡುತ್ತಿದ್ದಳು. ಇದು ಬಾಳುತ್ತದೆಯೇ ಎಂದು ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು.

“ನಾನೇನೂ ಹೇಳಲ್ಲಮ್ಮ,” ಎಂದರು.

ಆ ಒಂದು ಮಾತು ಮನೆಯವರೆಗೂ ಹಿಂಬಾಲಿಸಿಕೊಂಡು ಬಂತು. ಅದನ್ನು ಅವಳ ಬಾಯಿಂದ ಕೇಳಿದ ಗಂಡ ಅಂದಿನಿಂದ ಉಪ್ಪಿಲ್ಲದ ಮುಖ ಮಾಡಿಕೊಂಡು, ಸುಟ್ಟುಹೋದ ಕ್ಯಾಮೆರಾಗಳ ಚಿತ್ರಗಳನ್ನು ಹುಡುಕಿ ಹುಡುಕಿ ನೋಡತೊಡಗಿದ. ಏನಾದರೂ ಆದರೆ ಹೊಣೆ ನನ್ನದು ಎಂದು ಅವಳು ಎದೆ ತಟ್ಟಿ ಹೇಳಿದ್ದಳು. ಆದರೆ ಬೈದವರಲ್ಲಿ ಒಬ್ಬ ಇದೇ ಗ್ರಿಪ್ಪಿನ ಬಗ್ಗೆ ಬರೆದಿದ್ದ ನಾಲ್ಕು ಸಾಲನ್ನು ಗಂಡನಿಂದ ಮುಚ್ಚಿಟ್ಟಿದ್ದಳು: “ಎರಡು ದಿನ ಸರಿಯಿತ್ತು. ಆಮೇಲೆ ಟಿಕ್ ಟಿಕ್ ಸದ್ದು. ಆಮೇಲೆ ಹೊಗೆ. ಪ್ಯಾಕಿಂಗ್ ಚೆನ್ನಾಗಿತ್ತು.”

ಭಾನುವಾರ ಮಧ್ಯಾಹ್ನ ಅವನು, ಹಿನ್ನೆಲೆಗೆ ಕಟ್ಟುವ ನೀಲಿ ಪರದೆಯನ್ನು ಇಸ್ತ್ರಿ ಅಂಗಡಿಯಿಂದ ತರಲು ನಡೆದೇ ಹೊರಟ. ಕ್ಯಾಮೆರಾವನ್ನು ಆನ್ ಮಾಡಿಯೇ ಇಟ್ಟಿದ್ದ. ಸಂಜೆಯವರೆಗೂ ಬಿಸಿಯಾಗದಿದ್ದರೆ ಮಾತ್ರ ಶಾಲೆಗೆ ಒಯ್ಯುವುದೆಂದು ತೀರ್ಮಾನವಾಗಿತ್ತು. ಮಗಳ ಕೈಗೆ ಸಿಕ್ಕೀತೆಂದು ಅವಳು ಅದನ್ನು ಪುಸ್ತಕದ ಕಪಾಟಿನ ಮೇಲಿನ ಹಲಗೆಗೆ ಏರಿಸಿ, ಜಾರದಿರಲೆಂದು ದಪ್ಪ ನಿಘಂಟೊಂದನ್ನು ಪಕ್ಕಕ್ಕೆ ಒತ್ತುಕೊಟ್ಟು, ಬಟ್ಟೆ ಮಡಚಲು ಕೂತಳು.

ಟಿಕ್.

ಅವಳ ಕೈಯಲ್ಲಿದ್ದ ಲಂಗ ಕೆಳಗೆ ಬಿತ್ತು. ಗಡಿಯಾರವಿರಬೇಕು ಎಂದುಕೊಂಡಳು. ಗಡಿಯಾರ ನಿಂತು ತಿಂಗಳಾಗಿದ್ದು ಮರುಕ್ಷಣ ನೆನಪಾಯಿತು.

ಟಿಕ್ ಟಿಕ್. ಆಮೇಲೆ ಬಿಡುವೇ ಇಲ್ಲದೆ ಟಿಕ್ ಟಿಕ್ ಟಿಕ್ ಟಿಕ್.

ಸದ್ದಾಯಿತು, ಇನ್ನು ಹೊಗೆ. ಹೊಗೆಯ ಜೊತೆಗೆ ಕ್ಯಾಮೆರಾ, ಶಾಲೆ, ಅರ್ಧ ಅನ್ನ. ಓಡಿಹೋಗೋಣವೆಂದರೆ ಹೊಣೆ ನನ್ನದು ಎಂದ ಬಾಯಿ ಅವಳದೇ. ಮಗಳನ್ನು ಬಾಲ್ಕನಿಗೆ ತಳ್ಳಿ, ಬಾಗಿಲ ಹಿಂದೆ ನೇತಾಡುತ್ತಿದ್ದ ಗಂಡನ ಹೆಲ್ಮೆಟ್ಟನ್ನು ತಲೆಗೇರಿಸಿದಳು. (ಅದು ಹುಬ್ಬಿನವರೆಗೂ ಇಳಿಯಿತು.) ಎಡಗೈಯಲ್ಲಿ ದೊಡ್ಡ ಪಾತ್ರೆಯ ಮುಚ್ಚಳ ಗುರಾಣಿಯಾಯಿತು, ಬಲಗೈಯಲ್ಲಿ ನೀರು ತುಂಬಿದ ಬಕೆಟ್ಟು. ಹೀಗೆ ಸರ್ವಾಯುಧ ಸನ್ನದ್ಧಳಾದ ಗೃಹಿಣಿ ಒಂದು ಹೆಜ್ಜೆ ಮುಂದಿಟ್ಟಳು. ಯಂತ್ರ ಟಿಕ್ ಎಂದಿತು. ಎರಡು ಹೆಜ್ಜೆ ಹಿಂದೆ ಹಾರಿದಳು. ಮತ್ತೆ ಮುಂದೆ, ಮತ್ತೆ ಹಿಂದೆ. ಯಂತ್ರದ ಒಂಟಿಕಣ್ಣು ಅವಳನ್ನೇ ದಿಟ್ಟಿಸುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿದಳು. ಮುಚ್ಚಳ ಠಣ್ ಎಂದು ನೆಲಕ್ಕೆ ಬಿತ್ತು.

“ನೀರು ಬೇಡ ಕಣೇ!” ಬಾಗಿಲಲ್ಲಿ ಪರದೆ ಹೊತ್ತ ಗಂಡ ಕೂಗಿದ.

“ಹತ್ರ ಹೋಗ್ಬೇಡ್ರಿ, ಸಿಡಿಯುತ್ತೆ.”

ಆದರೂ ಅವನು ಹೋದ. ಸದ್ದಿಗೆ ಕಿವಿಗೊಟ್ಟ. ಗ್ರಿಪ್ ಮನೆಗೆ ಬಂದಾಗಿನಿಂದ ಬಿಗಿದಿದ್ದ ಅವನ ಮುಖ ಮೆಲ್ಲನೆ ಸಡಿಲವಾಯಿತು. ಕೈ ಚಾಚಿ ನಿಘಂಟನ್ನು ಈಚೆಗೆಳೆದ. ಟಿಕ್ ಟಿಕ್ ನಿಂತಿತು.

ಅಷ್ಟೇ ಆಗಿದ್ದು. ಒತ್ತುಕೊಟ್ಟಿದ್ದ ನಿಘಂಟು ನಿಧಾನವಾಗಿ ವಾಲಿ ಪಕ್ಕದ ಗುಂಡಿಯನ್ನು ಅದುಮಿತ್ತು. ಕ್ಯಾಮೆರಾ ತನ್ನ ಧರ್ಮದಂತೆ, ಗುಂಡಿ ಒತ್ತಿದ್ದಷ್ಟು ಹೊತ್ತೂ ಫೋಟೋ ತೆಗೆಯುತ್ತಲೇ ಹೋಗಿತ್ತು. ಅಂಗಡಿಯವರು ಬೀಗದ ಕಡ್ಡಿಯ ವಿಷಯ ಹೇಳಿದ್ದು ಅವಳಿಗೆ ಆಗ ನೆನಪಾಯಿತು. ಗ್ರಿಪ್ ತಣ್ಣಗಿತ್ತು. ಬ್ಯಾಟರಿ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿರಲಿಲ್ಲ.

“ನಾನು ಹೇಳಿರ್ಲಿಲ್ವಾ, ಒಳ್ಳೇ ಗ್ರಿಪ್ಪು ಅಂತ,” ಎಂದಳು, ಹೆಲ್ಮೆಟ್ಟಿನ ಒಳಗಿನಿಂದ.

ಅವನು ನೆಲದ ಮೇಲೆ ಕೂತು ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಒಂದೊಂದೇ ಫೋಟೋ ನೋಡುತ್ತಿದ್ದ. ಅವನ ಭುಜ ಕುಲುಕುತ್ತಿತ್ತು. ಬಾಲ್ಕನಿಯಿಂದ ಬಂದ ಮಗಳು ಅವನ ಹೆಗಲ ಮೇಲಿಂದ ಇಣುಕಿ, ಹೊಟ್ಟೆ ಹಿಡಿದುಕೊಂಡು ಅಲ್ಲೇ ಉರುಳಿದಳು. ಅಮ್ಮನೂ ಬಗ್ಗಿ ನೋಡಿದಳು. ಮುಂದೆ ಬರುವ ಹೆಲ್ಮೆಟ್ಟು. ಹಿಂದೆ ಹಾರುವ ಹೆಲ್ಮೆಟ್ಟು. ಮುಚ್ಚಳದ ಅಂಚಿನಿಂದ ಕಾಣುವ ಒಂದೇ ಕಣ್ಣು. ಬಕೆಟ್ ಎತ್ತಿ, ಕಣ್ಣು ಮುಚ್ಚಿ, ಬಾಯಿ ಇಷ್ಟಗಲ ತೆರೆದವಳು. ಒಂದೊಂದೂ ಸೂಜಿಯ ಮೊನೆಯಷ್ಟು ಸ್ಪಷ್ಟ.

ಎಲ್ಲವನ್ನೂ ಈಗಲೇ ಅಳಿಸಿ ಎಂದು ಅವಳು ಬೇಡಿಕೊಂಡಳು. ಅಳಿಸುತ್ತೇನೆ ಎಂದು ಅವನು ಒಪ್ಪಿಕೊಂಡ, ಕಣ್ಣೊರೆಸಿಕೊಂಡು. ಆಮೇಲೆ ಉರುಳಾಡುತ್ತಿದ್ದ ಮಗಳನ್ನು ನೋಡಿದ, ಹೆಲ್ಮೆಟ್ಟನ್ನು ನೋಡಿದ, ಮತ್ತೆ ಮಗಳನ್ನು ನೋಡಿದ. ಅವನ ಧ್ವನಿ ಮುಖ್ಯೋಪಾಧ್ಯಾಯಿನಿಯವರ ಧ್ವನಿಯಷ್ಟೇ ಮೆಲ್ಲಗಾಯಿತು.

“ಒಂದು ಉಪಕಾರ ಮಾಡ್ತೀಯಾ? ನಗಿ ನಗಿ ಅಂತ ಎಷ್ಟು ಕೂಗಿದ್ರೂ ಆ ಮಕ್ಕಳು ನಗಲ್ಲ. ನಾಳೆ ಶಾಲೆಗೆ ನೀನೂ ಬಂದು ನನ್ನ ಬೆನ್ನ ಹಿಂದೆ ಹೀಗೇ ನಿಂತ್ಕೋ. ಹೆಲ್ಮೆಟ್ಟು, ಮುಚ್ಚಳ, ಎಲ್ಲಾ ಇರ್ಲಿ. ಬಕೆಟ್ ಮಾತ್ರ ಖಾಲಿ ತಾ.”