ಮಂತ್ರಿಯ ಕೋಟು, ನನ್ನ ಕುರ್ಚಿ

ನಮ್ಮ ಮನೆಯಲ್ಲಿ ರಾಜಕೀಯ ವಿಶ್ಲೇಷಕಿಗೆ ಮರ್ಯಾದೆ ಇಲ್ಲ. ಹೊಲಿಗೆ ಯಂತ್ರಕ್ಕೆ ಇದೆ. ಅದಕ್ಕೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಾರೆ, ಧೂಳು ಒರೆಸುತ್ತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಬಟ್ಟೆ ಹೊದಿಸಿ ಮಲಗಿಸುತ್ತಾರೆ. ನಾನು ಬಾಯಿ ತೆರೆದರೆ ಮಾತ್ರ, "ಸ್ವಲ್ಪ ಆ ದಾರದ ಉಂಡೆ ಕೊಡು" ಎನ್ನುತ್ತಾರೆ.

ದಾರದ ಉಂಡೆ ಕೊಡುವ ಈ ಕೈಯೇ ದಿನಾ ಬೆಳಿಗ್ಗೆ ಎಂಟು ಗಂಟೆಗೆ ರಾಜ್ಯ ರಾಜಕಾರಣದ ನಾಡಿ ಹಿಡಿಯುತ್ತದೆಂದು ಅವರಿಗೇನು ಗೊತ್ತು! ನನ್ನದೊಂದು ಬ್ಲಾಗ್ ಇದೆ. ಬರೆಯುವ ಬ್ಲಾಗ್ ಅಲ್ಲ, ಮಾತಾಡುವ ಬ್ಲಾಗ್. ಚುನಾವಣೆ, ಪಕ್ಷಾಂತರ, ರಾಜೀನಾಮೆ, ಎಲ್ಲವನ್ನೂ ಆರು ನಿಮಿಷದ ವಾಯ್ಸ್ ನೋಟ್ ಮಾಡಿ ಬಿಟ್ಟರೆ ನಾನೂರ ಹನ್ನೆರಡು ಜನ ಕೇಳುತ್ತಾರೆ. (ಸರಿ, ನಾನೂರ ಹನ್ನೊಂದು. ಒಬ್ಬರು ನಮ್ಮಮ್ಮ. ಅವರು ಕೇಳುವುದಿಲ್ಲ, ಮಗಳ ಗಂಟಲು ಸರಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಂಡು ಅರ್ಧಕ್ಕೇ ನಿಲ್ಲಿಸುತ್ತಾರೆ.)

ಮನೆಯ ಮುಂದಿನ ಕೋಣೆ ನಮ್ಮ ಯಜಮಾನರ ಟೈಲರಿಂಗ್ ಅಂಗಡಿ. ಅದರ ಟ್ರಯಲ್ ರೂಮೇ ನನ್ನ ಸ್ಟುಡಿಯೋ. ಮೂರಡಿ ಉದ್ದ, ಮೂರಡಿ ಅಗಲ, ಒಂದು ಕನ್ನಡಿ, ಎರಡು ಮೊಳೆ, ಒಂದು ಪರದೆ. ಸುತ್ತ ಬಟ್ಟೆ ನೇತಾಡುವುದರಿಂದ ಧ್ವನಿ ರೇಡಿಯೋದವರನ್ನು ನಾಚಿಸುವ ಹಾಗೆ ಬರುತ್ತದೆ. ಒಂದೇ ತೊಂದರೆ. "ಈ ಸರ್ಕಾರ ಉಳಿಯುತ್ತದೆಯೇ?" ಎಂದು ನಾನು ಗಂಭೀರವಾಗಿ ಕೇಳುತ್ತಿರುವಾಗ ಹೊರಗಿನಿಂದ ಯಾರಾದರೂ, "ಪ್ಯಾಂಟ್ ಹಾಕ್ಕೊಂಡು ನೋಡ್ಬೇಕಿತ್ತು, ಸ್ವಲ್ಪ ಬೇಗ ಆಚೆ ಬರ್ತೀರಾ?" ಎನ್ನುತ್ತಾರೆ.

ಯಜಮಾನರು ಮಾತ್ರ ನನಗೆ ಏನೂ ಅನ್ನುವುದಿಲ್ಲ. ಅನ್ನಲು ಬಾಯಿ ಖಾಲಿ ಇದ್ದರೆ ತಾನೇ! ಬೆಳಗಿನಿಂದ ಸಂಜೆಯವರೆಗೆ ತುಟಿಗಳ ನಡುವೆ ಆರೇಳು ಗುಂಡುಪಿನ್ನು. ಆಡುವುದೆಲ್ಲ "ಮ್ಮ್". ಮದುವೆಯಾಗಿ ಎರಡು ವರ್ಷವಾದರೂ ಯಾವ "ಮ್ಮ್" ಹೌದು, ಯಾವ "ಮ್ಮ್" ಇಲ್ಲ ಎಂದು ನನಗಿನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಪಕ್ಕದಲ್ಲೇ ಕೂತು ಕಾಜಾ ಹಾಕಿ ಗುಂಡಿ ಹೊಲಿಯುವ ನಮ್ಮತ್ತೆಯೇ ಅಧಿಕೃತ ಅನುವಾದಕಿ.

ಈಗೊಂದು ಕಹಿ ಸತ್ಯ ಹೇಳಿಬಿಡುತ್ತೇನೆ. ನನ್ನ ವಿಶ್ಲೇಷಣೆ ಆಳ, ಧ್ವನಿ ಗಂಭೀರ, ಹೇಳಿದ ಭವಿಷ್ಯ ಮಾತ್ರ ಯಾಕೋ ಕೈಕೊಡುತ್ತದೆ. ವಿಧಾನಸಭೆ ಅತಂತ್ರವಾಗುತ್ತದೆ ಎಂದೆ. ಒಂದೇ ಪಕ್ಷ ಗುಡಿಸಿಕೊಂಡು ಹೋಯಿತು. ಸರ್ಕಾರ ಗಟ್ಟಿಯಾಗಿದೆ, ಅವಿಶ್ವಾಸ ನಿರ್ಣಯಕ್ಕೆ ಸೋಲು ಖಚಿತ ಎಂದೆ. ಸಂಜೆಯ ಕಾಫಿ ಹೊತ್ತಿಗೆ ಸರ್ಕಾರವೇ ಇರಲಿಲ್ಲ. ನಗರಸಭೆಯಲ್ಲಿ ನಮ್ಮ ವಾರ್ಡಿನ ಅಭ್ಯರ್ಥಿಗೆ ಪ್ರಚಂಡ ಗೆಲುವು ಎಂದೆ. ಆ ಮನುಷ್ಯ ಈಗ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ.

ಹೀಗಿರುವಾಗ ನಮ್ಮೂರ ಕೇಬಲ್ ಚಾನೆಲ್ಲಿನ ಸಂಪಾದಕರು ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಅಂಗಡಿಗೆ ಬಂದರು. ನನ್ನನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಅಲ್ಲಮ್ಮಾ, ಧ್ವನಿ ಚೆನ್ನಾಗಿದೆ, ಧೈರ್ಯ ಅದಕ್ಕಿಂತ ಚೆನ್ನಾಗಿದೆ. ಒಂದು, ಒಂದೇ ಒಂದು ಸರಿಯಾಗಿ ಹೇಳು ನೋಡೋಣ. ಈ ಶುಕ್ರವಾರ ಸಂಪುಟ ವಿಸ್ತರಣೆ. ಖಾಲಿ ಇರೋದು ಒಂದೇ ಮಂತ್ರಿ ಸ್ಥಾನ. ಯಾರಿಗೆ ಅಂತ ಮೊದ್ಲೇ ಹೇಳಿಬಿಟ್ರೆ, ಸಂಜೆ ಚರ್ಚೆಯಲ್ಲಿ ನಿನಗೊಂದು ಕುರ್ಚಿ ಖಾಯಂ."

ಕುರ್ಚಿ! ಟಿ.ವಿ.ಯಲ್ಲಿ! ಹೆಸರಿನ ಕೆಳಗೆ "ರಾಜಕೀಯ ವಿಶ್ಲೇಷಕಿ" ಎಂದು ಪಟ್ಟಿ ಓಡುತ್ತದೆ! ಟ್ರಯಲ್ ರೂಮಿನಲ್ಲಿ ಒಂಟಿ ಕಾಲಲ್ಲಿ ನಿಂತು ಮಾತಾಡುವವಳಿಗೆ ಕೂರಲು ಜಾಗ ಸಿಗುತ್ತದೆಂದರೆ ಅದೇನು ಸಣ್ಣ ವಿಷಯವೇ? ಅವತ್ತೇ ನಿರ್ಧರಿಸಿದೆ, ಈ ಸಲ ತಪ್ಪಬಾರದು.

ಸ್ಪರ್ಧೆಯಲ್ಲಿದ್ದವರು ಇಬ್ಬರು: ನಮ್ಮ ಶಾಸಕರು ಮತ್ತು ಪಕ್ಕದ ಕ್ಷೇತ್ರದ ಶಾಸಕರು. ಯಾರೆಂದು ರಾಜಧಾನಿಯ ದೊಡ್ಡ ದೊಡ್ಡ ಪತ್ರಕರ್ತರೇ ತಲೆ ಕೆರೆದುಕೊಳ್ಳುತ್ತಿದ್ದರು. ಆದರೆ ಅವರ್ಯಾರ ಬಳಿಯೂ ಟ್ರಯಲ್ ರೂಮ್ ಇರಲಿಲ್ಲ!

ಸೋಮವಾರ ನಾನು ಪರದೆಯೊಳಗಿದ್ದೆ. ಹೊರಗೆ ನಮ್ಮ ಶಾಸಕರ ಆಪ್ತ ಸಹಾಯಕನ ದನಿ.

"ಮಾಸ್ಟರೇ, ಸಾಹೇಬ್ರಿಗೆ ಒಂದು ಕೋಟು. ಗುರುವಾರ ಸಂಜೆಗೆ ಬೇಕೇ ಬೇಕು."

"ಮ್ಮ್."

"ಹೊಟ್ಟೆ ಹತ್ರ ಮಾತ್ರ ಎರಡಿಂಚು ಧಾರಾಳವಾಗಿ ಬಿಡಿ. ವಿಷ್ಯ ಯಾರಿಗೂ ಗೊತ್ತಾಗ್ಬಾರ್ದು."

"ಮ್ಮ್."

"ಗೊತ್ತಾಗಲ್ಲ ಅಂತಿದ್ದಾನೆ," ಅತ್ತೆ ಅನುವಾದಿಸಿದರು.

ಪರದೆಯ ಹಿಂದೆ ಇಡೀ ಪತ್ರಿಕಾರಂಗ ಉಸಿರು ಬಿಗಿಹಿಡಿದು ನಿಂತಿತ್ತು! ಗುರುವಾರ ಸಂಜೆ ಕೋಟು, ಶುಕ್ರವಾರ ಬೆಳಿಗ್ಗೆ ಪ್ರಮಾಣವಚನ. ಇನ್ನೇನು ಬೇಕು? ಸಂತೋಷಕ್ಕೆ ಕುಣಿಯೋಣವೆಂದರೆ ಜಾಗವಿಲ್ಲ. ಕನ್ನಡಿಯಲ್ಲಿ ನನಗೆ ನಾನೇ ಕೈಕುಲುಕಿದೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಸಿಡಿಸಿದೆ ನೋಡಿ: "ಕೇಳುಗರೇ, ನಂಬಲರ್ಹ ಮೂಲಗಳ ಪ್ರಕಾರ ನಮ್ಮ ಶಾಸಕರೇ ಮುಂದಿನ ಮಂತ್ರಿ! ಅನುಮಾನವಿದ್ದವರು ಗಮನಿಸಿ, ಪ್ರಮಾಣವಚನದ ಕೋಟು ಈಗಾಗಲೇ ಸಿದ್ಧವಾಗುತ್ತಿದೆ!" (ನಂಬಲರ್ಹ ಮೂಲ: ಬೂದು ಬಣ್ಣದ ಬಟ್ಟೆ, ಎರಡೂವರೆ ಮೀಟರ್.)

ಮಧ್ಯಾಹ್ನಕ್ಕೆ ಕೇಳುಗರು ನಾಲ್ಕು ಸಾವಿರ. ಸಂಜೆಗೆ ಒಂಬತ್ತು. ಸಂಪಾದಕರು ಫೋನಿನಲ್ಲಿ, "ಕುರ್ಚಿ ಒರೆಸಿಡ್ತಿದ್ದೀನಿ ಕಣಮ್ಮಾ" ಎಂದರು. ಬುಧವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೊರಗೆ ಜಾತ್ರೆಯಷ್ಟು ಜನ. ಹೂಗುಚ್ಛ ಹಿಡಿದವರು, ವರ್ಗಾವಣೆಯ ಅರ್ಜಿ ಹಿಡಿದ ಮೇಷ್ಟ್ರುಗಳು, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಖಾಲಿ ಕೊಡ ಸಮೇತ ಬಂದವರು. ಶಾಸಕರು ರಾಜಧಾನಿಯಲ್ಲಿದ್ದುದರಿಂದ ಎಲ್ಲರೂ ಕೋಟಿಗೇ ಮನವಿ ಸಲ್ಲಿಸಿದರು. ಆ ಪಾಪದ ಕೋಟಿಗೆ ಇನ್ನೂ ಒಂದೇ ತೋಳು! ಇದ್ದ ಒಂದು ತೋಳನ್ನು ಹಿಡಿದು ಮೂವರು ಫೋಟೋ ತೆಗೆಸಿಕೊಂಡರು.

ಜನ ಚದುರಿದ ಮೇಲೆ ಯಜಮಾನರು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿನ ಪುಟ್ಟ ಪಿನ್ನು-ದಿಂಬಿಗೆ ಚುಚ್ಚತೊಡಗಿದರು. ಏಳು ಪಿನ್ನು. ಏಳನೆಯದಕ್ಕೆ ಬರುವಷ್ಟರಲ್ಲಿ ನಾನು ಬೆವರಿದ್ದೆ.

"ಏನೇ ಇದು?"

"ಸುದ್ದಿ ರೀ."

"ಅಂಗಡಿಗೆ ಬಂದವರ ವಿಷ್ಯ ಬೀದಿಗೆ ಹಾಕಿದ್ಯಲ್ಲೇ!"

"ನಿಮ್ಮ ಹೆಸರು ಎಲ್ಲಿ ಹೇಳಿದ್ದೀನಿ? ಮೂಲಗಳು ಅಂದೆ ಅಷ್ಟೇ."

"ಶಾಸಕರಿಗೆ ಕೋಟು ಹೊಲಿಯೋ ಮೂಲ ಈ ಊರಲ್ಲಿ ಎಷ್ಟಿವೆ?"

"ನೋಡಿ, ಸತ್ಯ ತಿಳ್ಕೊಳ್ಳೋ ಹಕ್ಕು ರಾಜ್ಯದ ಜನಕ್ಕಿದೆ."

"ರಾಜ್ಯದ ಜನಕ್ಕೆ ಬೇರೆ ಟೈಲರ್ ಸಿಗ್ತಾನೆ. ನಂಗೆ ಬೇರೆ ಗಿರಾಕಿ ಎಲ್ಲಿಂದ ತರ್ತೀಯಾ?"

ನಾನು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಶುರು ಮಾಡುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಒಬ್ಬ ಬೆಕ್ಕಿನಂತೆ ಒಳಬಂದ. ಕಂಕುಳಲ್ಲಿ ಒಂದು ಪೊಟ್ಟಣ. ಪಕ್ಕದ ಕ್ಷೇತ್ರದ ಶಾಸಕರ ಆಪ್ತ ಸಹಾಯಕ!

"ಮಾಸ್ಟರೇ, ನಮ್ಮ ಸಾಹೇಬ್ರಿಗೂ ಒಂದು ಕೋಟು. ನಾಳೆ ಸಂಜೆಗೆ. ವಿಷ್ಯ ಯಾರಿಗೂ..." ಎಂದವನು ನನ್ನನ್ನು ಕಂಡು ಪೊಟ್ಟಣವನ್ನು ಮೇಜಿನ ಮೇಲೆ ಎಸೆದು ಬಂದ ದಾರಿಯಲ್ಲೇ ಓಡಿದ.

ನನ್ನ ತಲೆ ಗಿರ್ರೆಂದಿತು. "ಅತ್ತೆ, ಇರೋದು ಒಂದೇ ಮಂತ್ರಿ ಸ್ಥಾನ. ಇವರ್ಯಾಕೆ ಹೊಲಿಸ್ತಿದ್ದಾರೆ?"

ಅತ್ತೆ ಎದ್ದು ಮೂಲೆಯ ಬೀರು ತೆರೆದರು. ಒಳಗೆ ಹತ್ತು ಕೋಟು! ಹೊಚ್ಚ ಹೊಸವು, ಭುಜಕ್ಕೆ ಭುಜ ತಾಗಿಸಿಕೊಂಡು, ಯಾರೋ ಕರೆಯುತ್ತಾರೆಂದು ಕಾದು ಕಾದು ಬೇಸತ್ತವರ ಹಾಗೆ ತೋಳು ಇಳಿಬಿಟ್ಟು ನೇತಾಡುತ್ತಿದ್ದವು.

"ಮೂರು ಸಂಪುಟ ವಿಸ್ತರಣೆ, ಎರಡು ಪುನಾರಚನೆ," ಅತ್ತೆ ಬೆರಳು ಮಡಚಿದರು. "ಪ್ರತೀ ಸಲ ಇಬ್ರೂ ಹೊಲಿಸ್ತಾರೆ. ಪ್ರತೀ ಸಲ ಇಬ್ರೂ ತಗೊಂಡು ಹೋಗಲ್ಲ. ಸೊಂಟದ ಅಳತೆ ನೋಡು. ಮೂವತ್ತೆಂಟು, ನಲವತ್ತು, ನಲವತ್ತೆರಡು. ಇಷ್ಟು ವರ್ಷದಲ್ಲಿ ಅವರದ್ದು ಬೆಳೆದಿದ್ದು ಇದೊಂದೇ."

"ಇದನ್ನ ನನಗೆ ಮೊದ್ಲೇ ಹೇಳ್ಬಾರ್ದಿತ್ತಾ?"

"ನೀನೆಲ್ಲಿ ಕೇಳಿದೆ ತಾಯಿ? ಪರದೆ ಹಿಂದೆ ನಿಂತು ಕೇಳಿಸ್ಕೊಂಡೆ."

ಒಂಬತ್ತು ಸಾವಿರ ಜನರ ಮುಂದೆ "ಕ್ಷಮಿಸಿ, ಕೋಟು ಸುಮ್ಮನೆ ಹೊಲಿಸಿದ್ದಂತೆ" ಎನ್ನಲು ಸಾಧ್ಯವೇ? ಹಾಗೆಂದರೆ ಕುರ್ಚಿ ಹೋಯಿತು. ಇಬ್ಬರಲ್ಲಿ ಒಬ್ಬರು ತಾನೇ, ನಮ್ಮವರೇ ಆಗಬಹುದು ಎಂದು ಗಟ್ಟಿಯಾಗಿ ಕೂತೆ. (ನಿಂತೆ. ಟ್ರಯಲ್ ರೂಮ್.)

ಗುರುವಾರ ರಾಜಧಾನಿಯಲ್ಲಿ ಪತ್ರಕರ್ತರು ಮುಖ್ಯಮಂತ್ರಿಗಳ ಮುಂದೆ ಮೈಕು ಹಿಡಿದು, "ಸಾರ್, ಯಾರದೋ ಕೋಟು ರೆಡಿಯಾಗಿದೆಯಂತಲ್ಲ?" ಎಂದು ಕೇಳಿದರು. ಅವರ ಮುಖ ಕೆಂಪಾಯಿತು. "ಕೋಟು ಹೊಲಿಸಿದವರೆಲ್ಲ ಮಂತ್ರಿಯಾಗೋದಾದ್ರೆ ನಾನ್ಯಾಕ್ರೀ ಬೇಕು? ಆ ಟೈಲರೇ ಸಂಪುಟ ಮಾಡ್ಲಿ ಬಿಡಿ!"

"ಅತ್ತೆ! ರೀ! ಮುಖ್ಯಮಂತ್ರಿಗಳು ನನ್ನ ಸುದ್ದಿ ಬಗ್ಗೆ ಮಾತಾಡಿದ್ರು!" ಎಂದು ನಾನು ಮನೆ ತುಂಬ ಹಾರಾಡಿದೆ. ಏನು ಮಾತಾಡಿದರು ಎಂಬುದು ತಲೆಗೆ ಇಳಿಯಲು ಹತ್ತು ನಿಮಿಷ ಬೇಕಾಯಿತು. ಇಳಿದ ಮೇಲೆ ನಾನೂ ಮೆಲ್ಲನೆ ಇಳಿದೆ.

ಶುಕ್ರವಾರ ಇಡೀ ಬೀದಿ ನಮ್ಮ ಅಂಗಡಿಯ ಟಿ.ವಿ. ಮುಂದಿತ್ತು. ಹೂಗುಚ್ಛದವರು ಮುಂದಿನ ಸಾಲು. ಪ್ರಮಾಣವಚನಕ್ಕೆ ಹೆಸರು ಕರೆದರು. ಎದ್ದು ಬಂದವರು ನಮ್ಮ ಶಾಸಕರೂ ಅಲ್ಲ, ಪಕ್ಕದವರೂ ಅಲ್ಲ. ರಾಜ್ಯದ ಆ ಮೂಲೆಯ, ಯಾರ ಬಾಯಲ್ಲೂ ಇಲ್ಲದ ಒಬ್ಬರು. ಮೊಣಕೈ ಹತ್ತಿರ ನೂಲು ಬಿಟ್ಟ ಹಳೇ ಸ್ವೆಟರ್ ಹಾಕಿಕೊಂಡೇ ಮಂತ್ರಿಯಾಗಿಬಿಟ್ಟರು!

ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. (ಬಿತ್ತು. ಕೇಳಿಸಿತು.) ಹೂಗುಚ್ಛದವರು ಹೂಗುಚ್ಛಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹಿಂದೆ ಹಿಂದೆಯೇ ಹೊರಗೆ ಹೋದರು. ನಮ್ಮ ಶಾಸಕರ ಆಪ್ತ ಸಹಾಯಕ ಇಸ್ತ್ರಿ ಮೇಜಿಗೆ ಹಣೆ ಆನಿಸಿ ನಿಂತುಬಿಟ್ಟ. ಅತ್ತೆ ಎದ್ದು ಬೀರುವಿನಲ್ಲಿ ಇನ್ನೆರಡಕ್ಕೆ ಜಾಗ ಮಾಡತೊಡಗಿದರು.

ನನ್ನ ಕುರ್ಚಿ ಹೋಯಿತು. ಅವತ್ತು ಯಾರು ಕೇಳಿದರೂ ಕೇಳದಿದ್ದರೂ ದಾರದ ಉಂಡೆ ಕೊಟ್ಟೆ.

ಶನಿವಾರ ಬೆಳಿಗ್ಗೆ ಸಂಪಾದಕರ ಫೋನು. ಬೈಯಲೆಂದೇ ಮಾಡಿದ್ದಾರೆಂದು ಕಿವಿಯಿಂದ ಒಂದು ಗೇಣು ದೂರ ಹಿಡಿದೆ.

"ಅಮ್ಮಾ, ಸಂಜೆ ಆರಕ್ಕೆ ಬಾ. ಕುರ್ಚಿ ನಿಂದೇ!"

"ಸಾರ್... ತಪ್ಪಾಯ್ತಲ್ಲ?"

"ಅದಕ್ಕೇ ಕಣಮ್ಮಾ! ಒಂದು ತಪ್ಪಿದ್ರೆ ಆಕಸ್ಮಿಕ. ನಾಲ್ಕಕ್ಕೆ ನಾಲ್ಕೂ ತಪ್ಪಿದ್ರೆ ಅದು ಶಾಸ್ತ್ರ! ಬೆಳಿಗ್ಗೆಯಿಂದ ಎಲ್ಲ ಪಕ್ಷದವರ ಫೋನು. ಆಯಮ್ಮನ ಬಾಯಲ್ಲಿ ನಮ್ಮ ಹೆಸರು ಬರಬಾರ್ದು, ಎದುರಾಳಿ ಗೆಲ್ತಾನೆ ಅಂತ ಹೇಳಿಸಿ ಅಂತ ಗೋಗರೀತಿದ್ದಾರೆ!"

ಅವಮಾನವೇ ಸರಿ. ಆದರೆ ತಿರುಗುವ ಕುರ್ಚಿಯಲ್ಲಿ ಕೂತು ಅನುಭವಿಸುವ ಅವಮಾನ! ಹೋದೆ. ಎರಡು ಸುತ್ತು ತಿರುಗಿಯೂ ನೋಡಿದೆ. ಆದರೆ ಕ್ಯಾಮೆರಾ ಮುಂದೆ ಕೂತ ಕ್ಷಣ ಒಳಗೊಳಗೇ ಶಪಥ ಮಾಡಿದೆ: ಇವತ್ತು ಸರಿಯಾದದ್ದನ್ನೇ ಹೇಳಿ ಇವರೆಲ್ಲರ ಬಾಯಿ ಮುಚ್ಚಿಸುತ್ತೇನೆ.

ಅವಕಾಶ ಫೋನಿನಲ್ಲೇ ಬಂತು. ನೇರ ಪ್ರಸಾರ, ಇಡೀ ಊರು ನೋಡುತ್ತಿದೆ, ಕರೆ ಮಾಡಿದವರು ನಮ್ಮತ್ತೆ!

ವಿಷಯ ಏನೆಂದರೆ, ಮುಖ್ಯಮಂತ್ರಿಗಳ ಬಾಯಲ್ಲೇ ಬಂದ ಟೈಲರ್ ಎಂದು ನಮ್ಮ ಯಜಮಾನರಿಗೆ ರಾತ್ರೋರಾತ್ರಿ ಹೆಸರು ಬಂದು, ಊರ ದರ್ಜಿಗಳು ಅವರನ್ನು ಹಿಡಿದುಕೊಂಡು ಹೋಗಿ ತಮ್ಮ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿಬಿಟ್ಟಿದ್ದರು. ಭಾನುವಾರವೇ ಮತದಾನ. ಎದುರಾಳಿ, ಶಾಲೆಗಳಿಗೆಲ್ಲ ಹೊಲಿದುಕೊಡುವ ಯೂನಿಫಾರ್ಮ್ ಮಾಸ್ಟರ್.

"ಸೊಸೆಯಮ್ಮಾ," ಅತ್ತೆಯ ದನಿ ಸ್ಟುಡಿಯೋ ತುಂಬಿತು, "ನನ್ನ ಮಗ ಸೋಲ್ತಾನೆ ಅಂತ ಒಂದೇ ಒಂದು ಸಲ ನಿನ್ನ ಬಾಯಿಂದ ಹೇಳಿಬಿಡು. ಪುಣ್ಯ ಕಟ್ಕೋ."

ಲೆಕ್ಕವನ್ನು ನಾನು ಬೆಳಿಗ್ಗೆಯೇ ಪೆನ್ನು ಹಿಡಿದು ಹಾಕಿದ್ದೆ. ಯೂನಿಫಾರ್ಮ್ ಮಾಸ್ಟರ್ ಮಾತಿನ ಮಲ್ಲ. ಅವನ ಕೈಕೆಳಗೆ ಮೂವತ್ತು ಕೆಲಸಗಾರರು, ಮೂವತ್ತೂ ಮತ. ನಮ್ಮವರ ಪ್ರಚಾರ ಭಾಷಣ ಒಂದು "ಮ್ಮ್". ಸೋಲು ಖಂಡಿತ. ಗಂಡ ಸೋತರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಹೇಳಿದ್ದು ಜೀವನದಲ್ಲಿ ಮೊದಲ ಸಲ ಸರಿಯಾಗುತ್ತದಲ್ಲ! ಬೆನ್ನು ನೆಟ್ಟಗೆ ಮಾಡಿ, ಕ್ಯಾಮೆರಾವನ್ನೇ ದಿಟ್ಟಿಸಿ ಘೋಷಿಸಿದೆ: "ನಮ್ಮ ಯಜಮಾನರು ಹೀನಾಯವಾಗಿ ಸೋಲುತ್ತಾರೆ!"

ಅತ್ತೆ ಫೋನಿನಲ್ಲೇ ಚಪ್ಪಾಳೆ ತಟ್ಟಿದರು.

ಭಾನುವಾರ ಎಣಿಕೆ ಮುಗಿದಾಗ ಯಜಮಾನರು ಐವತ್ತೊಂದು ಮತಗಳಿಂದ ಗೆದ್ದಿದ್ದರು. ಗುಪ್ತ ಮತದಾನ ನೋಡಿ. ಮಾಸ್ಟರನ ಕೈಕೆಳಗಿನ ಮೂವತ್ತೂ ಜನ ಅವನ ಮೇಲಿನ ಸಿಟ್ಟನ್ನೆಲ್ಲ ಪೆಟ್ಟಿಗೆಗೆ ಹಾಕಿದ್ದರು.

ಅತ್ತೆ ಎಲ್ಲರೆದುರು ನನ್ನ ಕೆನ್ನೆ ಹಿಡಿದು ಮುತ್ತಿಟ್ಟರು. ಯಜಮಾನರು ಮೈಕಿನ ಮುಂದೆ ನಿಂತು, ಈ ಎರಡು ವರ್ಷದಲ್ಲಿ ನಾನು ಕೇಳಿದ ಅತಿ ಉದ್ದದ ಮಾತಾಡಿದರು: "ನನ್ನ ಗೆಲುವಿಗೋಸ್ಕರ ಇವ್ಳು ತನ್ನ ಮರ್ಯಾದೆ ಪಣಕ್ಕಿಟ್ಟು, ಇಡೀ ಊರಿನ ಮುಂದೆ ಗಂಡ ಸೋಲ್ತಾನೆ ಅಂದ್ಬಿಟ್ಳು. ಇಂಥ ತ್ಯಾಗ ಯಾವ ಹೆಂಡ್ತಿ ಮಾಡ್ತಾಳೆ ಹೇಳಿ?"

ದರ್ಜಿಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು. ಪೆನ್ನು ಹಿಡಿದು ಲೆಕ್ಕ ಹಾಕಿ, ಮನಸಾರೆ ನಂಬಿಯೇ ಹೇಳಿದ್ದೆ ಎಂಬುದು ನಿಮಗೆ ಮಾತ್ರ ಗೊತ್ತು. ಅತ್ತೆಯ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ.