ಗಂಗವ್ವನ ದಾರಿಯ ಮೇಲೆ ಕೂತ ಕುದುರೆ

ಕೆಲವರಿಗೆ ವಯಸ್ಸು ಹೇಳಲು ನಾಚಿಕೆ, ಕೆಲವರಿಗೆ ಸಂಬಳ. ನನಗೆ ಉದ್ಯೋಗ ಹೇಳಲು ನಾಚಿಕೆ. ಹನ್ನೆರಡು ವರ್ಷ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಉಪಗ್ರಹದ ಚಿತ್ರ ನೋಡಿ ರಸ್ತೆ, ಕೆರೆ, ಕಾಲುವೆಗಳನ್ನು ಕಂಪ್ಯೂಟರಿನಲ್ಲಿ ಗುರುತಿಸುತ್ತಿದ್ದೆ. ಗೆರೆ ಎರಡು ಮೀಟರು ಸರಿದರೂ ಬೈಗುಳ ಖಾತ್ರಿ. ಈಗ ರೋಣದ ಮನೆಯಲ್ಲೇ ಕೂತು, ಕಥೆಪುಸ್ತಕಗಳಿಗೆ, ಕಂಪ್ಯೂಟರ್ ಆಟಗಳಿಗೆ, ಎಲ್ಲೂ ಇಲ್ಲದ ರಾಜ್ಯಗಳ ನಕಾಶೆ ಬರೆಯುತ್ತೇನೆ. ನದಿ ಚೆಂದ ಕಾಣದಿದ್ದರೆ ತಿರುಗಿಸಿಬಿಡುತ್ತೇನೆ, ಯಾವ ನೀರಾವರಿಯವರೂ ಕೇಳಲು ಬರುವುದಿಲ್ಲ. ನೆಂಟರು ಕೇಳಿದರೆ ಮಾತ್ರ "ಅದ ನಕಾಶಿ ಕೆಲಸಾರಿ" ಎಂದು ಹೇಳಿ, ಚಹಾ ಕುಡಿಯುತ್ತೀರಾ ಎಂದು ವಿಚಾರಿಸುತ್ತೇನೆ. ಯಾವ ದೇಶದ ನಕಾಶೆ ಎಂದು ಯಾರೂ ಕೇಳಿರಲಿಲ್ಲ.

ಈ ಅರೆಸುಳ್ಳೇ ಮುಳುವಾಯಿತು. ನನ್ನ ತಾಯಿಯ ತಮ್ಮ, ಸವಡಿಯ ಬಸಣ್ಣ ಮಾಮಾ, ಒಂದು ದಿನ ಬಂದು ಕೂತ. "ಅಳಿಯಾ, ನಮ್ಮ ಹೊಲದ್ದೊಂದ ನಕಾಶಿ ತಗದ ಕೊಡೋ. ಬಾಜೂ ಹೊಲದ ಗಂಗವ್ವನ ಜೋಡಿ ಬದುವಿಂದ ತಕರಾರ ಐತಿ. ಸೋಮವಾರ ಹಿರೇರು ಕೂಡ್ತಾರ. ಸರಕಾರದ ಮೋಜಣಿಯವರು ಬಂದು ಅಳಿಯೂತನಕಾ ಯಾರ ಕಾಯ್ಬೇಕು?"

ಹೋದೆ. ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಟೇಪು ಹಿಡಿದು ಅಳೆದೆ. ಬದು ಕರಾರುವಾಕ್ಕಾಗಿ ಬಂತು. ಅಲ್ಲಿಗೆ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಹಾಳೆ ಬೋಳಾಗಿ ಕಂಡಿತು. ಬೇವಿನ ಮರಕ್ಕೆ ನೆರಳು ಕೊಟ್ಟೆ, ಒಣಗಿದ ಹಳ್ಳಕ್ಕೆ ಅಲೆ ಕೊಟ್ಟೆ, ಸುತ್ತಲೂ ಗಜೇಂದ್ರಗಡದ ಸೀರೆಯ ದಡಿಯಂಥ ಅಂಚು ಹಾಕಿದೆ. ದಿಕ್ಕು ತೋರಿಸಲು ಒಂದು ಬಾಣ ಸಾಕಿತ್ತು, ನಾನು ಮೂಲೆಯಲ್ಲಿ ರೆಕ್ಕೆಯ ಕುದುರೆ ಕೂರಿಸಿದೆ. ಆ ಮೂಲೆಯಲ್ಲಿ ಮಾಮಾನ ಹೊಲ ಹಾಯ್ದು ಗಂಗವ್ವನ ಹೊಲಕ್ಕೆ ಹೋಗುವ ಎತ್ತಿನ ಚಕ್ಕಡಿಯ ದಾರಿಯಿತ್ತು. ಇತ್ತೆಂದು ನನಗೆ ಗೊತ್ತಿತ್ತು. ಗಾಲಿಯ ಎರಡು ಗೆರೆ ಕುದುರೆಯ ಹೊಟ್ಟೆ ಸೀಳುತ್ತವೆಂದು ಅಳಿಸಿದೆ. ಬದುವಿನ ತಕರಾರಿಗೆ ದಾರಿಯೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೋಮವಾರ ಗುಡಿಯ ಕಟ್ಟೆಯ ಮೇಲೆ ಬದುವಿನ ಮಾತು ಲಗೂನೇ ಮುಗಿಯಿತು. ಬದುವನ್ನು ಒಂದು ಮೊಳ ಆಚೆ ಒತ್ತಿದವನು ಮಾಮಾನೇ. ಸೋತ ಮಾಮಾ ನಕಾಶೆಯನ್ನು ಇನ್ನೊಮ್ಮೆ ನೋಡಿ ಹಿಗ್ಗಿದ. "ಇದರಾಗ ಆಕೀ ಚಕ್ಕಡಿ ದಾರೀನ ಇಲ್ಲಲ್ಲ! ನಮ್ಮ ಹೊಲದಾಗ ಹಾಯೂದು ಬಂದ್ ಆಗ್ಲಿ. ನಮ್ಮ ಅಳಿಯ ಹನ್ನೆರಡ ವರ್ಷ ನಕಾಶಿ ತಗದಾನ, ಇದ್ದದ್ದ ಬಿಡಾಂವಲ್ಲ."

ಹಿರಿಯರು ನನ್ನನ್ನು ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಆ ದಾರಿ ಹೋದರೆ ಗಂಗವ್ವ ಕಡಲೆಯನ್ನು ತಲೆಯ ಮೇಲೆ ಹೊತ್ತೇ ಮನೆಗೆ ತರಬೇಕು. ಇಷ್ಟು ಗೊತ್ತಿದ್ದೂ ನಾಲಿಗೆ ಏಳಲಿಲ್ಲ. ಬಾಯಿಬಿಟ್ಟರೆ ನನ್ನ ಉದ್ಯೋಗ ಬಯಲಾಗುತ್ತದಲ್ಲ!

ಗಂಗವ್ವ ತಾನೇ ಎದ್ದು ಬಂದು ಕುದುರೆಯ ಮೇಲೆ ಬೆರಳಿಟ್ಟಳು. "ಮೂವತ್ತ ವರ್ಷ ನಾ ಚಕ್ಕಡಿ ಹೊಡದ ದಾರಿ ಇಲ್ಲೇ ಐತಿ ನೋಡಪಾ. ನಿನ್ನ ಕುದುರಿಗೆ ಸ್ವಲ್ಪ ಎದ್ದ ನಿಲ್ಲಂತ ಹೇಳು."

ಕಟ್ಟೆಯೆಲ್ಲ ನಕ್ಕಿತು. "ದಾರಿ ಐತ್ರಿ, ನಾನ ಅಳಸೇನ್ರಿ. ನಾ ಈಗ ಇಲ್ಲದ ಊರಿನ ನಕಾಶಿ ತಗೀತೇನ್ರಿ" ಎಂದೆ. ಹಿರಿಯರಲ್ಲಿ ಹಿರಿಯನಾದ ಶೇಖಪ್ಪಜ್ಜ ಮೆಲ್ಲಗೆ, "ಇಲ್ಲದ ಊರಿಗೆ ದಾರಿ ಹಾಕೋ ತಮ್ಮಾ, ಯಾರ ಬ್ಯಾಡಂತಾರ? ಇದ್ದ ಊರಿನ ದಾರಿ ಯಾಕ ಮುಚ್ಚತಿ?" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ದಾರಿ ಉಳಿಯಿತು. ಮಾಮಾ ಮಾತು ಬಿಟ್ಟಿದ್ದಾನೆ. ನಕಾಶೆಯನ್ನು ಗಂಗವ್ವ ಕೇಳಿ ಒಯ್ದಿದ್ದಳು. ಮೊನ್ನೆ ತಪ್ಪಾಯಿತೆನ್ನಲು ಅವಳ ಮನೆಗೆ ಹೋದರೆ, ಪಡಸಾಲೆಯ ಗೋಡೆಯ ಮೇಲೆ ಅದೇ ನಕಾಶೆ. ಕುದುರೆಯ ಹೊಟ್ಟೆಯ ಮೇಲೆ ಇದ್ದಿಲಿನಿಂದ ಎಳೆದ ಎರಡು ಸೊಟ್ಟ ಗೆರೆ. "ಕುದುರಿ ಚಲೋ ತಗದಿ, ಅದಕ್ಕ ಬಿಟ್ಟೇನಿ. ಕುಂದರು, ಚಾ ಕುಡದ ಹೋಗು" ಎಂದಳು. ನಕಾಶೆಗೆ ಬೆನ್ನು ಮಾಡಿ ಕೂತು ಕುಡಿದೆ.

ಅವಳು ಬೆರಳಿಡದಿದ್ದರೆ ನಾನಾಗಿಯೇ ಬಾಯಿ ಬಿಡುತ್ತಿದ್ದೆನೇ? ಹೌದು ಎಂದು ಇಲ್ಲಿ ಬರೆಯಲು ಎರಡು ಸಲ ಪೆನ್ನು ಎತ್ತಿದೆ. ಇಲ್ಲದ್ದನ್ನು ಬರೆಯುವುದರಲ್ಲಿ ಈ ಕೈ ಎಷ್ಟು ಪಳಗಿದೆಯೆಂದು ನೆನಪಾಗಿ, ಕೆಳಗಿಟ್ಟೆ.