ಮಾವನ ಕಿವಿ, ಗ್ಯಾರೇಜಿನ ಡಬ್ಬಿ

ನನ್ನ ಸೋದರಮಾವನಿಗೆ ಕಣ್ಣು, ಮೂಗು, ಬುದ್ಧಿ ಎಲ್ಲವೂ ಕಿವಿಯಲ್ಲೇ ಇವೆ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಆದರೆ ಗಂಡಸಿ ಎಂಬ ಅವರ ಊರಿಗೆ ಹೋಗಿ ಈ ಮಾತನ್ನು ಅನುಮಾನಿಸಿ ನೋಡಿ, ಒಂದು ಲೋಟ ನೀರೂ ಹುಟ್ಟುವುದಿಲ್ಲ!

ಮಾವನದು ಕೊಬ್ಬರಿ ವ್ಯಾಪಾರ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗೊಟಗೊಟ ಎಂದರೆ ಒಡೆಯಬಹುದು, ಇಲ್ಲದಿದ್ದರೆ ಕಾಯಬೇಕು. ಈ ವಿದ್ಯೆಯಲ್ಲಿ ಮಾವನನ್ನು ಮೀರಿಸುವವರಿಲ್ಲ. ಅಷ್ಟಕ್ಕೇ ನಿಂತಿದ್ದರೆ ನಾನೇಕೆ ಬರೆಯುತ್ತಿದ್ದೆ? ಅವರು ಕೈಗೆ ಸಿಕ್ಕಿದ್ದನ್ನೆಲ್ಲ ಅಲ್ಲಾಡಿಸತೊಡಗಿದರು. ಅಂಗಡಿಯಲ್ಲಿ ಹೊಸ ಮೊಬೈಲನ್ನು ಕಿವಿಗೆ ಹಿಡಿದು ಜಾಡಿಸಿ, “ಒಳಗೆ ಸದ್ದೇ ಇಲ್ಲ ಕಣ್ರೀ, ಇದಿನ್ನೂ ಒಣಗಿಲ್ಲ. ಬೇರೆ ತೆಗೀರಿ” ಎಂದರು. ಅಂಗಡಿಯವನು ಬೇರೆ ತೆಗೆದ. ಅದೂ ಒಣಗಿರಲಿಲ್ಲ!

ನಾನು ಹಳೇಬೀಡಿನಲ್ಲಿ ಟೀಚರ್. ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಜಾತಕವೂ ಮಾವನ ಕಿವಿಯಲ್ಲೇ ಇತ್ತು. ಐದಾರು ವರ್ಷದ ಹಿಂದೆ ಬಸ್ತಿಹಳ್ಳಿಯ ಬಸದಿಯ ಎದುರು ಕಾರು ನಿಲ್ಲಿಸಿ ಬಾನೆಟ್ ಎತ್ತಿಸಿದರು. ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು ಕಣ್ಣು ಮುಚ್ಚಿ ನಿಂತರು! ಬಸದಿ ನೋಡಿ ಬಂದ ಪ್ರವಾಸಿಗರೆಲ್ಲ ಸುತ್ತ ನಿಂತರು. “ಇದು ಯಾವ ರಾಜರ ಕಾಲದ ಪದ್ಧತಿ?” ಎಂದು ಒಬ್ಬರು ಭಕ್ತಿಯಿಂದ ಕೇಳಿದರು. “ಬೆಲ್ಟು ಸವೆದೈತೆ ಕಣೇ” ಎಂದರು ಮಾವ. ಬೆಲ್ಟು ನಿಜವಾಗಿಯೂ ಸವೆದಿತ್ತು.

ಕಳೆದ ವರ್ಷ ಅರಸೀಕೆರೆಯ ಗ್ಯಾರೇಜಿಗೆ ಕಂಪ್ಯೂಟರ್ ಸ್ಕ್ಯಾನರ್ ಬಂತು. ಮಾವನಿಗೆ ಮನೆಗೆ ಸವತಿ ಬಂದಷ್ಟು ಸಿಟ್ಟು.

“ವೈರು ಚುಚ್ಚಿದ್ರೆ ಗಾಡಿ ಬಾಯಿ ಬಿಡ್ತದಾ?”

“ಬಿಡುತ್ತೆ ಮಾವ. ಕೆಡೋಕೆ ಮುಂಚೇನೇ ಹೇಳುತ್ತೆ.”

“ಹಂಗಾದ್ರೆ ಕೇಳು. ನನ್ನ ಕಿವಿಗೆ ಸಿಗದ್ದು ಆ ಡಬ್ಬಿಗೆ ಸಿಕ್ರೆ, ನಾಳೆಯಿಂದ ನಾನು ಅಟ್ಟ ಹತ್ತಾಕಿಲ್ಲ!”

ಅಟ್ಟ ಹತ್ತದ ಮಾವನೇ? ಅವರ ಜೀವ ಇದ್ದದ್ದೇ ಅಲ್ಲಿ. ಆದರೂ ನಾನು ಹಟಕ್ಕೆ ಬಿದ್ದು ಕರೆದುಕೊಂಡು ಹೋದೆ.

ಗ್ಯಾರೇಜಿನಲ್ಲಿ ಮೊದಲು ಮಾವ ಆಲಿಸಿದರು. “ವೀಣೆ ಥರ ಐತೆ. ಏನೂ ಇಲ್ಲ.” ನನಗೂ ಹಾಗೇ ಕೇಳಿಸಿತು. ಮೆಕ್ಯಾನಿಕ್ ಸ್ಟೇರಿಂಗಿನ ಕೆಳಗೆ ವೈರು ಸಿಕ್ಕಿಸಿದ. ಡಬ್ಬಿಯ ಪರದೆ ಮಿನುಗಿತು, ಆಮೇಲೆ ಕೀಂ ಕೀಂ ಕೀಂ ಎಂದು ಅರಚತೊಡಗಿತು. ಎದುರಿನ ಟೀ ಅಂಗಡಿಯವರೆಲ್ಲ ತಿರುಗಿ ನೋಡಿದರು.

ಮಾವ ಮೀಸೆಯ ಮೇಲೆ ಕೈಯಿಟ್ಟರು. “ಏನ್ಲಾ, ನಿನ್ನ ಡಬ್ಬಿ ಉಸಿರೇ ಎತ್ತಲಿಲ್ವಲ್ಲ! ಮೂಗ ಡಬ್ಬಿ ತಂದಿದ್ದೀಯ!”

ಟೀ ಅಂಗಡಿಯವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮೆಕ್ಯಾನಿಕ್ ನಗುತ್ತಲೇ ಪರದೆ ತೋರಿಸಿದ. “ಮೇಡಂ, ಮೂರನೇ ಸಿಲಿಂಡರಲ್ಲಿ ಆಗಾಗ ಕಿಡಿ ತಪ್ತಾ ಐತೆ. ಇಗ್ನಿಷನ್ ಕಾಯಿಲ್ ಹೋಗ್ತಾ ಐತೆ. ಈಗ ಯಾರ ಕಿವಿಗೂ ಸಿಗಾಕಿಲ್ಲ. ಸಿಗೋ ಹೊತ್ತಿಗೆ ನೀವು ನಡುದಾರೀಲಿ ನಿಂತಿರ್ತೀರಿ.”

ನಾನು ಗೆದ್ದಿದ್ದೆ. ಆದರೆ ಮಾವ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು, ಇವರು ಯಾಕೆ ನಗುತ್ತಿದ್ದಾರೆ ಎಂದು. ಅವರು ತಮಾಷೆ ಮಾಡಿರಲಿಲ್ಲ. ಆ ಅರಚಾಟ ಅವರಿಗೆ ಕೇಳಿಸಿಯೇ ಇರಲಿಲ್ಲ.

ಗಂಡಸಿಯ ಮನೆಗೆ ಮರಳಿದ ಮೇಲೆ ಹಿತ್ತಿಲಿನಲ್ಲಿ ಅತ್ತೆಗೆ ಹೇಳಿದೆ.

“ಎರಡು ವರ್ಷದಿಂದ ಗೊತ್ತು ಕಣೇ” ಎಂದರು ಅತ್ತೆ. “ಬುಟ್ಟಿ ಹಿಡ್ಕೊಳ್ಳೋ ನೆಪದಲ್ಲಿ ನಾನೂ ಅಟ್ಟ ಹತ್ತುತೀನಿ. ಅವರು ಕಾಯಿ ಅಲ್ಲಾಡಿಸಿ ನನ್ನ ಮುಖ ನೋಡ್ತಾರೆ. ಸದ್ದು ಬಂದ್ರೆ ತಲೆ ಆಡಿಸ್ತೀನಿ. ಎದುರಿಗಿರೋರ ಮಾತನ್ನ ತುಟಿ ನೋಡೇ ತಿಳ್ಕೋತಾರೆ. ಇಬ್ರೂ ಒಂದು ದಿನಾನೂ ಈ ಬಗ್ಗೆ ಬಾಯಿ ಬಿಟ್ಟಿಲ್ಲ.”

“ಕಾರಿನ ಹಾಗೇ ಇದನ್ನೂ ಪರೀಕ್ಷೆ ಮಾಡಿಸೋಣ ಅತ್ತೆ. ಕಿವಿಗೆ ಮಿಷಿನ್ ಹಾಕಿದ್ರೆ ಮಾವ ಆರಾಮಾಗಿ ಅಟ್ಟ ಹತ್ತಬಹುದು” ಎಂದೆ. ಅತ್ತೆ ಸೀದಾ ಒಳಗೆ ಹೋಗಿ, “ನನ್ನ ಮಂಡಿ ನೋಯ್ತದೆ. ಇನ್ನು ನಾನು ಅಟ್ಟ ಹತ್ತಾಕಿಲ್ಲ” ಎಂದು ಸಾರಿಬಿಟ್ಟರು. ತಲೆ ಆಡಿಸುವವರಿಲ್ಲದ ಅಟ್ಟ ಮಾವನಿಗೆ ಯಾಕೆ? ಕಿವಿ ಪರೀಕ್ಷೆಗೆ ಹಾಸನಕ್ಕೆ ಹೊರಟರು.

ಅಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಮಾವ ಗಾಜಿನಾಚೆ ನಿಂತಿದ್ದ ಅತ್ತೆಯ ಮುಖವನ್ನೇ ನೋಡಿದರು. ಅತ್ತೆ ಅಭ್ಯಾಸಬಲದಿಂದ ತಲೆ ಆಡಿಸಿದರು. ಮಾವ ಒತ್ತಿದರು! ಅತ್ತೆ ಮತ್ತೆ ಆಡಿಸಿದರು, ಮಾವ ಮತ್ತೆ ಒತ್ತಿದರು. “ಅಮ್ಮಾ, ನಾನಿನ್ನೂ ಸದ್ದೇ ಬಿಟ್ಟಿಲ್ಲ!” ಎಂದಳು ಪರೀಕ್ಷೆ ಮಾಡುವ ಹುಡುಗಿ.

ಅತ್ತೆ ತಲೆ ತಗ್ಗಿಸಿ ನೆಲ ನೋಡುತ್ತ ನಿಂತರು. ಹುಡುಗಿ ಸದ್ದು ಬಿಟ್ಟಳು, ಇನ್ನೊಂದು ಬಿಟ್ಟಳು. ಅತ್ತೆ ತಲೆಯೆತ್ತಲೆಂದು ಮಾವ ಬಹಳ ಹೊತ್ತು ಕಾದರು. ಆಮೇಲೆ ಗುಂಡಿಯನ್ನು ಮೇಜಿನ ಮೇಲಿಟ್ಟು, “ಇಲ್ಲಮ್ಮ, ನಂಗೆ ಕೇಳಿಸ್ತಿಲ್ಲ” ಎಂದರು.

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿದರು. ಗಾಜಿನೊಳಗಿದ್ದ ಮಾವನಿಗೆ ಅದು ಕೇಳಿಸುವ ಮಾತೇ ಇರಲಿಲ್ಲ. ಆದರೂ ಹೆಡ್‌ಫೋನ್ ಕಿತ್ತಿಟ್ಟು, ಹುಡುಗಿ ಬೇಡವೆನ್ನುತ್ತಿದ್ದರೂ ಬಾಗಿಲು ತೆಗೆದುಕೊಂಡು ಅತ್ತೆಯ ಹತ್ತಿರ ಬಂದರು.